ಹಸಿರು ವೈರು

ಬಾಣಂತನ ಮಾಡಲು ಅಮೆರಿಕಕ್ಕೆ ಹೋದವಳು ಅಲ್ಲಿ ಗೋಡೆಗೆ ಕೈ ಹಾಕಿ ವೈರಿಂಗ್ ಮಾಡಿ ಬಂದೆ ಎಂದರೆ ನಮ್ಮ ಮೈಸೂರಿನ ಬೀದಿಯಲ್ಲಿ ನಗುತ್ತಾರೆ. ನಗಲಿ. ಬಿಚ್ಚಿದ್ದು ನಿಜ, ಮತ್ತೆ ಕೂಡಿಸಿದ್ದು ನಿಜ, ನಡುವೆ ಒಂದು ಎಡವಟ್ಟು ಮಾಡಿದ್ದೂ ನಿಜ. ಮೂರನ್ನೂ ನಾನೇ ಬರೆದಿಟ್ಟರೆ ವಾಸಿ. ಬೇರೆಯವರ ಬಾಯಿಗೆ ಬಿದ್ದರೆ ಕೂಡಿಸಿದ್ದು ಮರೆತುಹೋಗಿ ಎಡವಟ್ಟು ಮಾತ್ರ ಉಳಿಯುತ್ತದೆ.

ನಾನು ಮೂವತ್ತೊಂದು ವರ್ಷ ಪಾಲಿಟೆಕ್ನಿಕ್ ಒಂದರ ಎಲೆಕ್ಟ್ರಿಕಲ್ ಲ್ಯಾಬಿನಲ್ಲಿ ಇನ್‌ಸ್ಟ್ರಕ್ಟರ್ ಆಗಿದ್ದವಳು. ಸೇರಿದ ಕಾಲಕ್ಕೆ ಆ ವಿಭಾಗದಲ್ಲಿ ಸೀರೆ ಉಟ್ಟವಳು ನಾನೊಬ್ಬಳೇ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೇಲೊಂದು ಖಾಕಿ ಕೋಟು ಹಾಕಿಕೊಂಡು ಮೋಟಾರು ಬಿಚ್ಚುವುದು, ವೈಂಡಿಂಗ್ ಸುಟ್ಟಿದ್ದರೆ ಮೂಸಿ ನೋಡಿಯೇ ಹೇಳುವುದು, ಇದು ನನ್ನ ಕೆಲಸ. ವಿದ್ಯಾರ್ಥಿಗಳು ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಅರ್ತಿಂಗ್ ಮೇಡಂ ಎನ್ನುತ್ತಿದ್ದರು. ಏಕೆಂದರೆ ಯಾವ ಬೋರ್ಡಿನ ಮುಂದೆ ನಿಂತರೂ ನನ್ನ ಮೊದಲ ಪ್ರಶ್ನೆ ‘ಅರ್ತ್ ಎಲ್ಲಿ?’ ಎಂಬುದೇ. ಮದುವೆ ಮನೆಗೆ ಹೋದರೂ ಸೀರಿಯಲ್ ಸೆಟ್ ಕಟ್ಟಿದವನನ್ನು ಹಿಡಿದು ಅದನ್ನೇ ಕೇಳುತ್ತಿದ್ದೆ. ಆ ಅಡ್ಡಹೆಸರು ನನಗೆ ಗೊತ್ತಿತ್ತು, ಇಷ್ಟವೂ ಆಗಿತ್ತು. ನನ್ನ ಲ್ಯಾಬಿನಲ್ಲಿ ಶಾಕ್ ಹೊಡೆಸಿಕೊಂಡು ಆಸ್ಪತ್ರೆ ಸೇರಿದವರು ಒಬ್ಬರೂ ಇಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವೂ ಇಲ್ಲ.

ಮಗಳು ಅಳಿಯಂದಿರು ಇರುವುದು ಡುವಾಲ್ ಎಂಬ ಸಣ್ಣ ಊರಿನಲ್ಲಿ. ಕೆಳಗೆ ಕಣಿವೆಯಲ್ಲಿ ಹೊಲಗಳು, ಮೇಲೆ ದಿನ್ನೆಯಲ್ಲಿ ಒಂದೇ ಅಚ್ಚಿನ ಮನೆಗಳ ಸಾಲು. ಇಬ್ಬರೂ ಸಾಫ್ಟ್‌ವೇರಿನವರು, ರೆಡ್ಮಂಡ್‌ಗೆ ಕಾರಿನಲ್ಲಿ ಓಡಾಡುವವರು. ನಾನು ಹೋಗಿ ಎರಡು ವಾರಕ್ಕೆ ಮೊಮ್ಮಗಳು ಹುಟ್ಟಿದಳು. ಅಲ್ಲಿಂದ ಆ ಮನೆಯಲ್ಲಿ ನನಗೆ ಒಂದು ರಾಜ್ಯ ಸಿಕ್ಕಿತು, ಅದಕ್ಕೊಂದು ಗಡಿಯೂ ಇತ್ತು. ಬಾಣಂತಿ ಕೋಣೆಯೊಳಗೆ ನನ್ನ ಮಾತಿಗೆ ಎದುರಿಲ್ಲ. ಎಣ್ಣೆ, ಬಿಸಿನೀರು, ಮೆಣಸಿನ ಸಾರು, ಕಿವಿಗೆ ಸ್ಕಾರ್ಫು, ಎಲ್ಲಾ ನಾನು ಹೇಳಿದಂತೆ. ಕೋಣೆಯ ಬಾಗಿಲು ದಾಟಿದರೆ ಮಾತ್ರ, ‘ಅಮ್ಮ, ಅದು ಮುಟ್ಬೇಡ’. ಒಲೆಗೆ ಗುಂಡಿಯೇ ಇಲ್ಲ, ಮುಟ್ಟಬೇಡ. ಬಟ್ಟೆ ಒಗೆಯುವ ಮಿಷನ್ನಿಗೆ ಇಪ್ಪತ್ತು ಗುಂಡಿ, ಮುಟ್ಟಬೇಡ. ತ್ರೀ ಫೇಸ್ ಮೋಟಾರನ್ನು ಬಿಚ್ಚಿ ಕೂಡಿಸಿದ ಕೈಯನ್ನು ಪಾತ್ರೆ ತೊಳೆಯುವ ಮಿಷನ್ನಿನಿಂದ ದೂರ ಇಟ್ಟರೆ ಹೇಗಿರುತ್ತದೆ ಹೇಳಿ. ಮಗುವಿನ ಮುಖ ನೋಡಿಕೊಂಡು ಬಾಯಿಗೆ ಬೀಗ ಹಾಕಿಕೊಂಡೆ.

ಅಲ್ಲಿನ ಮನೆ ಬೆಚ್ಚಗಾಗುವ ಬಗೆಯನ್ನು ಸ್ವಲ್ಪ ಹೇಳಬೇಕು. ಗ್ಯಾರೇಜಿನ ಮೂಲೆಯಲ್ಲಿ ಬೀರುವಿನಷ್ಟು ಎತ್ತರದ ಒಂದು ಫರ್ನೇಸ್ ಇರುತ್ತದೆ. ಅದರೊಳಗೆ ಗ್ಯಾಸ್ ಉರಿದು ಗಾಳಿ ಕಾಯುತ್ತದೆ, ಒಂದು ಫ್ಯಾನು ಆ ಬಿಸಿಗಾಳಿಯನ್ನು ತಗಡಿನ ಕೊಳವೆಗಳಲ್ಲಿ ತಳ್ಳಿ ಕೋಣೆಕೋಣೆಗೂ ಕಳಿಸುತ್ತದೆ. ಯಾವ ಹೊತ್ತಿಗೆ ಉರಿಯಬೇಕು, ಎಷ್ಟು ಕಾದ ಮೇಲೆ ನಿಲ್ಲಬೇಕು ಎಂದು ಅದಕ್ಕೆ ಹೇಳುವುದು ಹಾಲ್‌ನ ಗೋಡೆಯ ಮೇಲಿರುವ ಅಂಗೈಯಗಲದ ಡಬ್ಬಿ. ಥರ್ಮೋಸ್ಟಾಟ್ ಎನ್ನುತ್ತಾರೆ. ಬೆಳಿಗ್ಗೆ ಐದಕ್ಕೆ ಶುರು, ಒಂಬತ್ತಕ್ಕೆ ತಗ್ಗಿಸು, ಸಂಜೆ ಮತ್ತೆ ಏರಿಸು ಎಂದು ಅದಕ್ಕೆ ಒಮ್ಮೆ ಹೇಳಿಕೊಟ್ಟರೆ ಸಾಕು, ದಿನವೂ ಪಾಲಿಸುತ್ತದೆ. ಹೋದ ದಿನವೇ ನಾನು ಅದನ್ನು ಗಮನಿಸಿದ್ದೆ. ಹಳೆಯ ಡಬ್ಬಿ, ಹಳದಿ ತಿರುಗಿದ ಪ್ಲಾಸ್ಟಿಕ್ಕು.

ನವೆಂಬರಿನ ಒಂದು ಗುರುವಾರ ಬೆಳಿಗ್ಗೆ ಗಾಳಿ ಎದ್ದು ಎಲ್ಲೋ ಮರ ಬಿದ್ದು ಕರೆಂಟು ಹೋಯಿತು. ಮಧ್ಯಾಹ್ನ ಮೂರಕ್ಕೆ ಬಂತು. ಫ್ರಿಜ್ಜು ಎದ್ದಿತು, ಇಂಟರ್ನೆಟ್ಟು ಎದ್ದಿತು, ಗೋಡೆಯ ಡಬ್ಬಿ ಮಾತ್ರ ಏಳಲಿಲ್ಲ. ಅಳಿಯಂದಿರು ಅದರ ಬ್ಯಾಟರಿ ಬದಲಿಸಿದರು. ಮತ್ತೆ ಬದಲಿಸಿದರು. ಪರದೆ ಖಾಲಿ. ಕಂಪನಿಗೆ ಫೋನ್ ಮಾಡಿದರೆ ಆ ಗಾಳಿಗೆ ಎಲ್ಲರ ಮನೆಯಲ್ಲೂ ಏನೋ ಒಂದು ಕೆಟ್ಟು ಕೂತಿದೆಯಂತೆ, ಟೆಕ್ನಿಷಿಯನ್ ಬರುವುದು ಮುಂದಿನ ಗುರುವಾರವೇ. ಬಾಣಂತಿ ಕೋಣೆಗೆ ಒಂದು ಸಣ್ಣ ಕರೆಂಟ್ ಹೀಟರ್ ಇಟ್ಟರು. ಉಳಿದ ಮನೆ ನಿಧಾನವಾಗಿ ತಣ್ಣಗಾಯಿತು. ಅವರ ಫ್ಯಾರನ್‌ಹೀಟ್ ಲೆಕ್ಕ ನನ್ನ ತಲೆಗೆ ಹತ್ತುವುದಿಲ್ಲ, ಮಗುವಿನ ಪಾದ ಮುಟ್ಟಿದರೆ ನನಗೆ ತಿಳಿಯುತ್ತದೆ.

ಶುಕ್ರವಾರ ಕಂಬಳಿ ಹುಡುಕಲು ಬಟ್ಟೆ ಇಡುವ ಕ್ಲಾಸೆಟ್ ತೆಗೆದಾಗ ಒಂದು ಹೊಸ ಡಬ್ಬ ಸಿಕ್ಕಿತು. ಹೊಚ್ಚ ಹೊಸ ಥರ್ಮೋಸ್ಟಾಟ್, ಸೀಲು ಒಡೆದಿದೆ, ಬಳಸಿಲ್ಲ. ಕೈಯಲ್ಲಿ ಹಿಡಿದುಕೊಂಡು ಅಳಿಯಂದಿರ ಮುಂದೆ ನಿಂತೆ.

“ಇದೇನಿದು?”

“ಅದು ಹೋದ ವರ್ಷ ತಗೊಂಡಿದ್ದು ಅತ್ತೆ. ಅದಕ್ಕೆ ಸದಾ ಕರೆಂಟ್ ಕೊಡೋಕೆ ಸಿ ವೈರ್ ಅಂತ ಒಂದು ಎಕ್ಸ್‌ಟ್ರಾ ಬೇಕು. ನಮ್ಮ ಗೋಡೇಲಿ ಅದಿಲ್ಲ.”

“ಇಲ್ಲ ಅಂತ ಹೇಗೆ ಗೊತ್ತಾಯ್ತು?”

“ಹಳೇದ್ರ ಕವರ್ ತೆಗ್ದು ಫೋಟೋ ಹೊಡ್ದು ಆನ್‌ಲೈನಲ್ಲಿ ಚೆಕ್ ಮಾಡ್ದೆ. ಮೂರೇ ವೈರ್ ಇದೆ.”

“ಗೋಡೆ ಒಳಗೆ ಕೈ ಹಾಕಿ ನೋಡಿದ್ರಾ?”

ಅವರು ನನ್ನನ್ನು ನೋಡಿದ ರೀತಿಗೆ, ಹಾವಿನ ಹುತ್ತಕ್ಕೆ ಕೈ ಹಾಕಿದಿರಾ ಎಂದು ಕೇಳಿದೆನೋ ಅನ್ನಿಸಿತು. ನಾನು ಹಾಕುತ್ತೇನೆ ಎಂದೆ. ಅಷ್ಟರಲ್ಲಿ ಕೋಣೆಯಿಂದ ಮಗಳ ದನಿ ಬಂತು. “ಅಮ್ಮ, ಪ್ಲೀಸ್. ಗ್ಯಾಸ್ ಫರ್ನೇಸ್ ಅದು. ಪಾಪು ಇರೋ ಮನೆ. ರಿಸ್ಕ್ ಬೇಡ.”

ಆ ಮಾತು ನನಗೆ ನಾಟಿತು. ಹದಿಮೂರು ದಿನದ ಕೂಸನ್ನು ನನ್ನ ಕಾಲ ಮೇಲೆ ಮಲಗಿಸಿ ಎಣ್ಣೆ ನೀರು ಹಾಕಿಸುತ್ತಾರೆ, ಕತ್ತು ನಿಲ್ಲದ ತಲೆಯನ್ನು ನನ್ನ ಅಂಗೈಯಲ್ಲಿಟ್ಟು ನೆಮ್ಮದಿಯಾಗಿ ಕಾಫಿ ಕುಡಿಯುತ್ತಾರೆ. ಅದೇ ಕೈ ನಾಲ್ಕು ವೈರು ಮುಟ್ಟಿದರೆ ರಿಸ್ಕು. ಅಂದರೆ ಅಜ್ಜಿಯ ಕೈಯನ್ನು ನಂಬುತ್ತಾರೆ, ನನ್ನ ಕೆಲಸವನ್ನು ನಂಬುವುದಿಲ್ಲ. ನಾನು ಅಜ್ಜಿಯಾಗಿ ಹದಿಮೂರು ದಿನ, ಇನ್‌ಸ್ಟ್ರಕ್ಟರ್ ಆಗಿ ಮೂವತ್ತೊಂದು ವರ್ಷ. ಆ ಟೆಕ್ನಿಷಿಯನ್ ಬರುವುದರೊಳಗೆ ಈ ಮನೆ ಬೆಚ್ಚಗಾಗಬೇಕು, ಅದು ನನ್ನ ಕೈಯಿಂದಲೇ ಆಗಬೇಕು, ಇವರಿಬ್ಬರೂ ಆ ಕೆಲಸವನ್ನು ನಂಬಿ ಅವನನ್ನು ಬರಬೇಡ ಎನ್ನಬೇಕು. ಅವತ್ತು ನನಗೆ ಬೇಕಾಗಿದ್ದದ್ದು ಇಷ್ಟೇ. ಇದು ಹಟವೇ. ಹಟ ಅಲ್ಲ ಎಂದು ನಾನು ಹೇಳುವುದಿಲ್ಲ.

ಶನಿವಾರ ಬೆಳಿಗ್ಗೆ ಮಗುವಿಗೆ ನೀರು ಹಾಕಿ ಬಚ್ಚಲಿನಿಂದ ಕೋಣೆಗೆ ತರುವ ಹತ್ತು ಹೆಜ್ಜೆಯಲ್ಲೇ ಅದರ ತುಟಿ ನಡುಗಿತು, ತೊಡೆಯ ಮೇಲೆಲ್ಲಾ ಕೆಂಪು ನೀಲಿ ಮಚ್ಚೆ ಎದ್ದಿತು. ಟವೆಲ್ಲು ಹಿಡಿದು ನಿಂತಿದ್ದ ಅಳಿಯಂದಿರು ಅದನ್ನು ನೋಡಿದರು. ಮಗುವನ್ನು ಅಮ್ಮನ ಮಡಿಲಿಗೆ ಹಾಕಿ ನಾನು ಹೊರಗೆ ಬರುವಷ್ಟರಲ್ಲಿ ಅವರು ಹಾಲಿನಲ್ಲಿ ನಿಂತಿದ್ದರು.

“ಅತ್ತೆ, ನೀವು ಮಾಡಿ. ನಾನು ಪಕ್ಕದಲ್ಲೇ ಇರ್ತೀನಿ.”

ಅವರ ಟೂಲ್ ಬಾಕ್ಸ್ ನೋಡಿ ನಗು ಬಂತು. ಯಾರೋ ಗೃಹಪ್ರವೇಶಕ್ಕೆ ಉಡುಗೊರೆ ಕೊಟ್ಟಿದ್ದಂತೆ, ಸ್ಕ್ರೂಡ್ರೈವರುಗಳ ಮೇಲಿನ ಪ್ಲಾಸ್ಟಿಕ್ ಇನ್ನೂ ಹರಿದಿರಲಿಲ್ಲ. ಮಲ್ಟಿಮೀಟರೂ ಇತ್ತು, ಅದರ ಸೂಜಿಗಳಿಗೆ ಟೋಪಿ ಹಾಗೇ ಇತ್ತು. ನಾನು ಚೂಡಿದಾರದ ಮೇಲೆ ಅವರ ಹಳೆಯ ಜಾಕೆಟ್ ಒಂದನ್ನು ಏರಿಸಿ ಗ್ಯಾರೇಜಿಗೆ ಇಳಿದೆ. ಮೊದಲು ಬ್ರೇಕರ್ ಇಳಿಸಿದೆ. ಆಮೇಲೆ ಫರ್ನೇಸಿನ ಪಕ್ಕದ ಸ್ವಿಚ್ಚು ಆರಿಸಿದೆ. ಅವರ ದೇಶದಲ್ಲಿ ಮನೆ ವೈರಿಂಗಿನ ಕಪ್ಪು ವೈರಿನಲ್ಲಿ ಕರೆಂಟು ಇರುತ್ತದೆ, ಬಿಳಿ ನ್ಯೂಟ್ರಲ್. ನಾವು ಕಪ್ಪನ್ನು ನ್ಯೂಟ್ರಲ್ ಎಂದು ಕಲಿತವರು. ಇದನ್ನು ಮೊದಲೇ ತಿಳಿದುಕೊಂಡಿದ್ದೆ, ಅಳಿಯಂದಿರಿಗೂ ಪಾಠ ಮಾಡಿದೆ. “ಇಲ್ಲಿ ಕಪ್ಪು ಅಂದ್ರೆ ಹುಷಾರು. ಹಸಿರು ಒಂದೇ ಎರಡೂ ಕಡೆ. ಹಸಿರು ಅಂದ್ರೆ ಅರ್ತ್.” ಅವರು ತಲೆಯಾಡಿಸಿದರು. ನನ್ನ ದನಿಯಲ್ಲಿ ಹಳೆಯ ಲ್ಯಾಬು ಮರಳಿ ಬಂದಿತ್ತು, ಅದು ನನ್ನ ಕಿವಿಗೆ ಹಿತವಾಗಿತ್ತು.

ಹಾಲಿಗೆ ಬಂದು ಹಳೆಯ ಡಬ್ಬಿ ಕಳಚಿದೆ. ಹಿಂದೆ ಗೋಡೆಯಲ್ಲಿ ಒಂದು ತೂತು, ಅದರಿಂದ ಇಣುಕುವ ಕಂದು ಬಣ್ಣದ ಕೇಬಲ್ಲು, ಅದರಿಂದ ಕವಲೊಡೆದ ಮೂರು ಸಣ್ಣ ವೈರು: ಕೆಂಪು, ಬಿಳಿ, ಹಸಿರು. ಕೇಬಲ್ಲನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದೆ. ಒಂದಿಂಚು ಬಂತು, ಎರಡಿಂಚು ಬಂತು. ಒಳಗೆ ಕೇಬಲ್ಲಿನ ಮೈಗೇ ಸುತ್ತಿಕೊಂಡು ಇನ್ನೆರಡು ವೈರು ಮಲಗಿದ್ದವು, ಒಂದು ನೀಲಿ, ಒಂದು ಹಳದಿ. ಮನೆ ಕಟ್ಟಿದವನು ಐದು ವೈರಿನ ಕೇಬಲ್ ಎಳೆದಿದ್ದ, ಬೇಡದ ಎರಡನ್ನು ಸುತ್ತಿ ಒಳಗೆ ತುರುಕಿದ್ದ. ಫೋಟೋದಲ್ಲಿ ಅದು ಕಾಣುವುದು ಹೇಗೆ?

“ಅಯ್ಯೋ!” ಎಂದರು ಅಳಿಯಂದಿರು. “ಒಂದು ವರ್ಷ ಇಲ್ಲೇ ಇತ್ತಾ?”

“ನೀವು ಮನೆ ತಗೊಂಡ ದಿನದಿಂದ ಇಲ್ಲೇ ಇದೆ,” ಎಂದೆ. ಎದೆ ಉಬ್ಬಿತ್ತು.

ನೀಲಿಯನ್ನು ಸಿ ವೈರು ಮಾಡುವುದೆಂದು ತೀರ್ಮಾನಿಸಿದೆ. ಗ್ಯಾರೇಜಿನ ಕಡೆ ಫರ್ನೇಸಿನ ಬೋರ್ಡಿಗೆ, ಹಾಲಿನ ಕಡೆ ಹೊಸ ಡಬ್ಬಿಗೆ. ಕೆಂಪು, ಬಿಳಿ ಇದ್ದಲ್ಲೇ ಇದ್ದವು. ಇನ್ನುಳಿದದ್ದು ಹಸಿರು. ಗ್ಯಾರೇಜಿಗೆ ಹೋಗಿ ಫರ್ನೇಸಿನ ಬಾಗಿಲು ತೆಗೆದರೆ, ಬೋರ್ಡಿನಲ್ಲಿ ಅದನ್ನು ಯಾರೋ ಕೆಲಸದ ವೈರುಗಳ ಸಾಲಿನಲ್ಲೇ ತಂದು ಸಿಕ್ಕಿಸಿದ್ದರು. ನೋಡಿದ ಕೂಡಲೇ ನನ್ನ ಪಿತ್ತ ನೆತ್ತಿಗೇರಿತು.

“ನೋಡಿ ಇಲ್ಲಿ, ಅರ್ತ್ ವೈರ್ ತಂದು ಎಲ್ಲಿ ಹಾಕಿದಾರೆ! ಯಾವ ಪುಣ್ಯಾತ್ಮ ಮಾಡಿದ ಕೆಲಸ ಇದು?”

“ಅದು ಹಾಗೇ ಇರ್ಬೇಕೇನೋ ಅತ್ತೆ. ಫರ್ನೇಸ್ ಡೋರ್ ಒಳಗೆ ಏನೋ ಡಯಾಗ್ರಾಮ್ ಇದೆ...”

“ಹಸಿರು ವೈರ್‌ಗೆ ಡಯಾಗ್ರಾಮ್ ಬೇಕಾ?”

ಅವರು ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ನಾನು ಹಸಿರನ್ನು ಬೋರ್ಡಿನಿಂದ ಕಿತ್ತು, ಫರ್ನೇಸಿನ ಮೈಗಿದ್ದ ಅರ್ತ್ ಸ್ಕ್ರೂಗೆ ಬಿಗಿದು, ಎಳೆದು ನೋಡಿ, ತೃಪ್ತಿಯಿಂದ ಕೈ ಒರೆಸಿಕೊಂಡೆ. ಹಾಲಿನ ಕಡೆ ಹೊಸ ಡಬ್ಬಿ ಬರೀ ಪ್ಲಾಸ್ಟಿಕ್ಕು, ಅದಕ್ಕೆ ಅರ್ತ್ ಕೊಡುವ ಜಾಗವೇ ಇರಲಿಲ್ಲ. ಅಲ್ಲಿ ಹಸಿರಿನ ತುದಿಗೆ ಟೇಪು ಸುತ್ತಿ ಮಡಚಿಟ್ಟೆ.

ಫರ್ನೇಸಿನ ಸ್ವಿಚ್ಚು ಹಾಕಿ ಬ್ರೇಕರ್ ಏರಿಸಿದೆ. ಪರದೆಯಲ್ಲಿ ಬೆಳಕು ಮೂಡಿತು. ಅಳಿಯಂದಿರು ಅದೇನೇನೋ ಒತ್ತಿ ಎಪ್ಪತ್ತು ಎಂದು ಇಟ್ಟರು. ಒಂದು ಟಿಕ್ ಎಂಬ ಸದ್ದು. ಕೆಳಗೆ ಗ್ಯಾರೇಜಿನಲ್ಲಿ ಏನೋ ಗುಂಯ್ಗುಟ್ಟಿತು, ಉರಿ ಹೊತ್ತಿತು, ಸ್ವಲ್ಪ ಹೊತ್ತಿಗೆ ಕಾಲ ಬುಡದ ಜಾಲರಿಯಿಂದ ಬಿಸಿಗಾಳಿ ಬಂದು ನನ್ನ ಪಾದ ಸವರಿತು. ಎರಡು ದಿನ ಮಂಜುಗಡ್ಡೆಯಾಗಿದ್ದ ಹಾಲ್ ಅರ್ಧ ಗಂಟೆಯಲ್ಲಿ ಮನುಷ್ಯರು ಕೂರುವ ಜಾಗವಾಯಿತು. ಮಗಳು ಮಗುವನ್ನೆತ್ತಿಕೊಂಡು ಬಾಗಿಲಿಗೆ ಬಂದು, “ಅಮ್ಮ, ಯು ಆರ್ ಟೂ ಮಚ್,” ಎಂದಳು. ಅವರ ಭಾಷೆಯಲ್ಲಿ ಅದು ಹೊಗಳಿಕೆ. ಮೈಸೂರಿನಲ್ಲಿದ್ದ ಯಜಮಾನರಿಗೆ ವಿಡಿಯೊ ಕಾಲ್ ಮಾಡಿ ಡಬ್ಬಿಯನ್ನು ಮೂರು ಕೋನದಿಂದ ತೋರಿಸಿದೆ. ಎದುರುಮನೆಯ ತೆಲುಗು ಅಜ್ಜಿ ವಾಕಿಂಗಿನಲ್ಲಿ ಸಿಕ್ಕಾಗ ಅವರಿಗೂ ಹೇಳಿದೆ, ಅರ್ಧ ತೆಲುಗಿನಲ್ಲಿ, ಉಳಿದರ್ಧ ಕೈಸನ್ನೆಯಲ್ಲಿ. ಮಗುವಿನ ಸ್ನಾನದ ಹೊತ್ತಿಗೆ ಮೊದಲೇ ಕಾದಿರುವಂತೆ ವೇಳಾಪಟ್ಟಿಯನ್ನು ನಾನೇ ಕೂತು ಬರೆಸಿದೆ. ಎಲ್ಲಾ ಸರಿಯಾಗಿದೆಯಾ ಎಂದು ಅಳಿಯಂದಿರು ಕೇಳಿದಾಗ, “ನೂರಕ್ಕೆ ನೂರು,” ಎಂದೆ.

ಭಾನುವಾರ ಒಂದು ವಿಷಯ ಕಣ್ಣಿಗೆ ಬಿತ್ತು. ಹಾಲ್ ಬೆಚ್ಚಗಿದೆ, ಅಡುಗೆಮನೆ ಬೆಚ್ಚಗಿದೆ, ಗ್ಯಾರೇಜಿನ ಮೇಲಿರುವ ಬಾಣಂತಿ ಕೋಣೆ ಮಾತ್ರ ಹಿಂದೆ ಬೀಳುತ್ತಿದೆ. ಹಾಲ್ ಸಾಕಷ್ಟು ಬೆಚ್ಚಗಾದ ಕೂಡಲೇ ಫರ್ನೇಸು ನಿಲ್ಲುತ್ತದೆ, ಅಷ್ಟರಲ್ಲಿ ಆ ಕೋಣೆಗೆ ಬಿಸಿ ತಲುಪಿರುವುದೇ ಇಲ್ಲ. ಮಗುವಿನ ತೊಟ್ಟಿಲ ಪಕ್ಕದ ಸಣ್ಣ ಯಂತ್ರ ಅಲ್ಲಿನ ಬಿಸಿಯನ್ನು ತೋರಿಸುತ್ತದೆ. ಅಳಿಯಂದಿರು ದಿನಕ್ಕೆ ನಾಲ್ಕು ಸಲ ಅದನ್ನು ನೋಡುವುದು, ಏನೂ ಹೇಳದೆ ಹೋಗುವುದು.

“ಮೊದ್ಲು ಈ ರೂಮ್ ಇಷ್ಟು ಕೋಲ್ಡ್ ಇರ್ತಿರ್ಲಿಲ್ಲ ಅಮ್ಮ,” ಎಂದಳು ಮಗಳು.

“ಕೆಳಗೆ ಗ್ಯಾರೇಜ್ ಇದೆಯಲ್ಲ, ನೆಲದಿಂದ ಚಳಿ ಹತ್ತುತ್ತೆ,” ಎಂದೆ. ಮೊದಲೂ ಕೆಳಗೆ ಅದೇ ಗ್ಯಾರೇಜೇ ಇತ್ತಲ್ಲ ಎಂದು ನನಗೆ ಹೊಳೆಯಲಿಲ್ಲ. ಹೊಳೆಯಗೊಡಲಿಲ್ಲ ಎನ್ನುವುದು ಹೆಚ್ಚು ಸರಿ. ಕರೆಂಟ್ ಹೀಟರನ್ನು ಮತ್ತೆ ಆ ಕೋಣೆಗೆ ತಂದಿಟ್ಟೆವು.

ಅವರ ಅಡುಗೆಮನೆಯ ಗೋಡೆಯಲ್ಲಿ ಟಿವಿಯಂಥ ಒಂದು ಪರದೆ ತೂಗುಹಾಕಿದ್ದಾರೆ. ಅದರಲ್ಲಿ ಮನೆಯವರೆಲ್ಲರ ಕ್ಯಾಲೆಂಡರು. ಮಗುವಿನ ಡಾಕ್ಟರು ಯಾವತ್ತು, ಕಸದ ಗಾಡಿ ಯಾವತ್ತು, ಎಲ್ಲಾ ಅದರಲ್ಲೇ. ಮಂಗಳವಾರ ಬೆಳಿಗ್ಗೆ ಅಳಿಯಂದಿರು ಆಫೀಸಿಗೆ ಹೊರಟ ಮೇಲೆ ಹಾಲು ಕಾಯಿಸುತ್ತಾ ಅದರತ್ತ ನೋಡಿದೆ. ಗುರುವಾರದ ಚೌಕದಲ್ಲಿ ಹತ್ತು ಗಂಟೆಗೆ ಫರ್ನೇಸ್ ಟೆಕ್ನಿಷಿಯನ್ ಎಂದು ಇನ್ನೂ ಇತ್ತು. ಮರೆತಿದ್ದಾರೆ ಎಂದುಕೊಂಡು ಮಗಳನ್ನು ಕೇಳಿದೆ.

“ಅದು... ಇರ್ಲಿ ಅಮ್ಮ. ಜಸ್ಟ್ ಒಂದ್ಸಲ ನೋಡ್ಕೊಂಡು ಹೋಗ್ಲಿ ಅಂತ. ಸುಮ್ನೆ ಸೇಫ್ಟಿಗೆ.”

“ಕೆಲಸ ಮಾಡ್ತಾ ಇದೆಯಲ್ಲ?”

“ಮಾಡ್ತಿದೆ ಅಮ್ಮ. ಆದ್ರೂ ಅವ್ರಿಗೆ ಸಮಾಧಾನ ಆಗ್ಲಿ.”

ಮೆಣಸು ಜೀರಿಗೆಯನ್ನು ಮಿಕ್ಸಿಗೆ ಹಾಕಿ ಅದು ಹಿಟ್ಟಾಗಿ, ಹಿಟ್ಟು ಬಿಸಿಯಾಗಿ, ಮಿಕ್ಸಿ ವಾಸನೆ ಬರುವವರೆಗೂ ತಿರುಗಿಸಿದೆ. ಕಣ್ಣಲ್ಲಿ ನೀರು ಬಂದದ್ದು ಮೆಣಸಿನ ಘಾಟಿಗಲ್ಲ. ಮನೆ ಬೆಚ್ಚಗೆ ಮಾಡಿಕೊಟ್ಟರೂ ಇವರಿಗೆ ನಂಬಿಕೆ ಬರಲಿಲ್ಲ. ಬರಲಿ ಆ ಟೆಕ್ನಿಷಿಯನ್, ನನ್ನ ಕೆಲಸದಲ್ಲಿ ಕೂದಲೆಳೆಯಷ್ಟು ತಪ್ಪು ಹುಡುಕಲಿ ನೋಡೋಣ ಎಂದುಕೊಂಡು, ಮಗಳೂ ಮಗುವೂ ನಿದ್ದೆ ಹೋದ ಮೇಲೆ ಜಾಕೆಟ್ ಏರಿಸಿಕೊಂಡು ಗ್ಯಾರೇಜಿಗೆ ಇಳಿದೆ. ಅವನ ಕಣ್ಣಿನಿಂದ ಎಲ್ಲವನ್ನೂ ಒಮ್ಮೆ ತಪಾಸಣೆ ಮಾಡುವುದು ನನ್ನ ಯೋಚನೆ.

ಬ್ರೇಕರ್ ಇಳಿಸಿ ಫರ್ನೇಸಿನ ಬಾಗಿಲು ಕಳಚಿ ನೆಲಕ್ಕೆ ಒರಗಿಸಿದೆ. ಒಳಮೈಯಲ್ಲಿ ಅಂಟಿಸಿದ್ದ ಡಯಾಗ್ರಾಮು ನನ್ನ ಕಡೆ ಮುಖ ಮಾಡಿತ್ತು. ಕನ್ನಡಕ ಹಾಕಿಕೊಂಡು ಮೊದಲ ಸಲ ಅದನ್ನು ಓದಿದೆ. ಕೆಂಪು ಎಲ್ಲಿಗೆ, ಸರಿ. ಬಿಳಿ ಎಲ್ಲಿಗೆ, ಸರಿ. ನೀಲಿ, ಸರಿ. ಹಸಿರಿನ ಗೆರೆಯ ಮೇಲೆ ಬೆರಳಿಟ್ಟು ಹೋದೆ. ಅದು ಅರ್ತಿಗೆ ಹೋಗಲಿಲ್ಲ. ಫ್ಯಾನನ್ನು ಓಡಿಸುವ ರಿಲೇ ಸ್ವಿಚ್ಚಿಗೆ ಹೋಯಿತು.

ಮತ್ತೊಮ್ಮೆ ಬೆರಳಿಟ್ಟು ಹೋದೆ. ಮತ್ತೆ ಅಲ್ಲಿಗೇ ಹೋಯಿತು.

ಗ್ಯಾರೇಜಿನಲ್ಲಿ ಸೋನಾ ಮಸೂರಿಯ ಎರಡು ಮೂಟೆ ಒಂದರ ಮೇಲೊಂದು ಇತ್ತು. ಅದರ ಮೇಲೆ ಕೂತುಬಿಟ್ಟೆ. ಮನೆ ವೈರಿಂಗಿನ ಹಸಿರು ಬೇರೆ, ಈ ಸಣ್ಣ ಕೇಬಲ್ಲಿನ ಹಸಿರು ಬೇರೆ. ಇದು ಉರಿ ಇಲ್ಲದಾಗಲೂ ಫ್ಯಾನನ್ನು ಓಡಿಸುವ ವೈರು. ಹಳೆಯ ಡಬ್ಬಿಯಲ್ಲಿ ಫ್ಯಾನನ್ನು ಸದಾ ಓಡುವಂತೆ ಇಟ್ಟಿದ್ದರಂತೆ, ಆಮೇಲೆ ಗೊತ್ತಾಯಿತು. ಹಾಲ್‌ನ ಬಿಸಿಯನ್ನು ಎತ್ತಿ ದೂರದ ಕೋಣೆಗೆ ಹಂಚುತ್ತಿದ್ದುದೇ ಅದು. ಆ ವೈರನ್ನು ನಾನು ಕಿತ್ತು, ಅರ್ತ್ ಸ್ಕ್ರೂಗೆ ಬಿಗಿದು, ಎಳೆದೂ ನೋಡಿ, ನೂರಕ್ಕೆ ನೂರು ಎಂದು ಬೀಗಿದ್ದೆ. ಮೂರು ದಿನದಿಂದ ಮೊಮ್ಮಗಳ ಕೋಣೆ ತಣ್ಣಗಿದ್ದದ್ದು ನೆಲದ ಚಳಿಯಿಂದಲ್ಲ, ನನ್ನಿಂದ.

ನಮ್ಮ ಲ್ಯಾಬುಗಳಲ್ಲಿ ಒಂದು ಪದ್ಧತಿ ಇದೆ. ವಿದ್ಯಾರ್ಥಿ ಡಯಾಗ್ರಾಮ್ ನೋಡಿ ಕನೆಕ್ಷನ್ ಕೊಡುತ್ತಾನೆ, ಆದರೆ ಸಪ್ಲೈ ಕೊಡುವ ಹಾಗಿಲ್ಲ. ಕೈ ಹಿಂದೆ ಕಟ್ಟಿ ನಿಂತು ‘ಮೇಡಂ, ಚೆಕ್’ ಎಂದು ಕೂಗಬೇಕು. ಮೇಡಂ ಬಂದು ಒಂದೊಂದೇ ವೈರಿನ ಮೇಲೆ ಬೆರಳಾಡಿಸಿ ಸರಿ ಎಂದ ಮೇಲೆಯೇ ಸ್ವಿಚ್ಚು. ಮೂವತ್ತೊಂದು ವರ್ಷ ಆ ಮೇಡಂ ನಾನೇ. ಎಲ್ಲರದ್ದನ್ನೂ ಚೆಕ್ ಮಾಡಿ ಮಾಡಿ, ನನ್ನದನ್ನು ಯಾರಾದರೂ ಚೆಕ್ ಮಾಡಬೇಕು ಎಂಬುದೇ ಮರೆತುಹೋಗಿತ್ತು. ಪಕ್ಕದಲ್ಲಿ ನಿಂತು ಡಯಾಗ್ರಾಮ್ ಇದೆ ಅತ್ತೆ ಎಂದವರ ಬಾಯನ್ನೂ ಮುಚ್ಚಿಸಿದ್ದೆ.

ಸ್ಕ್ರೂಡ್ರೈವರ್ ಕೈಯಲ್ಲೇ ಇತ್ತು. ಗ್ಯಾರೇಜಿನಲ್ಲಿ ಎರಡು ನಿಮಿಷದ ಕೆಲಸ, ಹಾಲಿನಲ್ಲಿ ಎರಡು ನಿಮಿಷದ ಕೆಲಸ. ಮಾಡಿಬಿಟ್ಟರೆ ಕೋಣೆ ಬೆಚ್ಚಗಾಗುತ್ತದೆ, ಗುರುವಾರ ಟೆಕ್ನಿಷಿಯನ್ ಬಂದು ಶಭಾಷ್ ಎಂದು ಹೋಗುತ್ತಾನೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಆಸೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಎದ್ದು ಬೋರ್ಡಿನವರೆಗೂ ಹೋದೆ. ಆಗ ನನ್ನ ಲ್ಯಾಬಿನ ಮುಖಗಳು ನೆನಪಾದವು. ತಪ್ಪು ಕನೆಕ್ಷನ್ ಕೊಟ್ಟು, ನಾನು ಮೇಜಿನ ಬಳಿ ಬರುವಷ್ಟರಲ್ಲಿ ಸರಕ್ಕನೆ ವೈರು ಕಿತ್ತು, ಏನೂ ಆಗಿಲ್ಲವೆಂಬಂತೆ ನಿಲ್ಲುವ ಮುಖಗಳು. ಅವರನ್ನು ನಾನು ಬಿಟ್ಟವಳಲ್ಲ. ‘ಕಿತ್ತಿದ್ದು ಇರಲಿ, ಏನು ಮಾಡಿದ್ದೆ ಅದನ್ನು ಹೇಳು’ ಎಂದು ಎಲ್ಲರ ಎದುರೇ ಬಾಯಿ ಬಿಡಿಸುತ್ತಿದ್ದೆ. ಈಗ ನನ್ನ ಮುಖವೂ ಹಾಗೇ ಇದ್ದಿರಬೇಕು. ಸ್ಕ್ರೂಡ್ರೈವರನ್ನು ಅಕ್ಕಿ ಮೂಟೆಯ ಮೇಲಿಟ್ಟು, ಬಾಗಿಲು ಮುಚ್ಚಿ, ಬ್ರೇಕರ್ ಏರಿಸಿ ಮೇಲೆ ಹೋದೆ.

ಅಳಿಯಂದಿರು ಐದೂವರೆಗೆ ಬಂದರು. ಶೂ ಬಿಚ್ಚಲೂ ಬಿಡಲಿಲ್ಲ ನಾನು.

“ನಾನೊಂದು ತಪ್ಪು ಮಾಡಿದೀನಿ. ಆ ಹಸಿರು ವೈರ್ ಅರ್ತ್ ಅಲ್ಲ, ಫ್ಯಾನಿಂದು. ಪಾಪು ರೂಮ್ ತಣ್ಣಗಿರೋದು ಅದ್ರಿಂದ್ಲೇ. ಅವತ್ತು ನೀವು ಡಯಾಗ್ರಾಮ್ ಅಂದ್ರಿ, ನಾನು ಕೇಳ್ಲಿಲ್ಲ.”

ಒಂದು ಶೂ ಕೈಯಲ್ಲಿ ಹಿಡಿದುಕೊಂಡು ಅವರು ನಿಂತೇ ಇದ್ದರು. ನನಗೆ ಮುಖ ಬಿಸಿಯಾಗಿತ್ತು. ಅಳಿಯನ ಮುಂದೆ ತಪ್ಪೊಪ್ಪಿಕೊಳ್ಳುವ ಅತ್ತೆಯನ್ನು ನಮ್ಮ ಕಡೆ ನಾನಂತೂ ನೋಡಿಲ್ಲ.

“ಸರಿ ಮಾಡೋಕೆ ಆಗುತ್ತಾ ಅತ್ತೆ?”

“ನಾಲ್ಕು ನಿಮಿಷ. ಆದ್ರೆ ನಾನು ಹಾಕಿದ್ದನ್ನ ನೀವು ಚೆಕ್ ಮಾಡ್ಬೇಕು. ಮಾಡದೆ ಸಪ್ಲೈ ಕೊಡಲ್ಲ.”

“ನನಗೇನೂ ಗೊತ್ತಿಲ್ವಲ್ಲ.”

“ಗೊತ್ತಿರೋದು ಬೇಡ. ಓದೋಕೆ ಬರುತ್ತಲ್ಲ, ಸಾಕು.”

ಅವರ ಮುಖದಲ್ಲಿ ನಗು ಬಂತು. “ನಮ್ಮ ಆಫೀಸಲ್ಲೂ ಇದೇ ರೂಲ್ ಅತ್ತೆ. ಒಬ್ರು ಬರೆದ ಕೋಡ್‌ನ ಇನ್ನೊಬ್ರು ಓದಿ ಓಕೆ ಅನ್ನದೆ ಒಳಗೆ ಬಿಡೋ ಹಾಗಿಲ್ಲ. ಎಷ್ಟೇ ದೊಡ್ಡವ್ರು ಬರ್ದಿರ್ಲಿ.”

ಇಬ್ಬರೂ ಇಳಿದೆವು. ಬ್ರೇಕರ್ ಇಳಿಸಿ, ಹಸಿರನ್ನು ಅರ್ತ್ ಸ್ಕ್ರೂನಿಂದ ಬಿಚ್ಚಿ ಬೋರ್ಡಿನಲ್ಲಿ ಅದರ ಜಾಗಕ್ಕೆ ಕೂರಿಸಿದೆ. ಮೇಲೆ ಬಂದು ಹಾಲಿನ ಗೋಡೆಯಲ್ಲಿ ಟೇಪು ಬಿಡಿಸಿ ಅಲ್ಲೂ ಕೂರಿಸಿದೆ. ಆಮೇಲೆ ಮತ್ತೆ ಗ್ಯಾರೇಜಿಗೆ ಇಳಿದು ಕೈ ಹಿಂದೆ ಕಟ್ಟಿಕೊಂಡು ನಿಂತೆ. ಅವರು ಡಯಾಗ್ರಾಮಿನ ಮೇಲೆ ಒಂದು ಬೆರಳು, ವೈರಿನ ಮೇಲೆ ಒಂದು ಬೆರಳು ಇಟ್ಟು ಒಂದೊಂದನ್ನೇ ಗಟ್ಟಿಯಾಗಿ ಓದಿದರು. ನೀಲಿಯ ಹತ್ತಿರ ನಿಂತು, “ಇದು ಸ್ವಲ್ಪ ಲೂಸ್ ಇದೆ ಅತ್ತೆ,” ಎಂದರು. ನಿಜವಾಗಿಯೂ ಲೂಸ್ ಇತ್ತು. ಬಿಗಿಮಾಡಿದೆ. ನನಗೆ ಅವಮಾನ ಆಗಬೇಕಿತ್ತು, ಆಗಲಿಲ್ಲ. ಮೂವತ್ತೊಂದು ವರ್ಷದಲ್ಲಿ ಅಂಥ ಬೆರಳಿದ್ದ ವಿದ್ಯಾರ್ಥಿಗಳು ನನಗೆ ಐದಾರು ಮಂದಿ ಸಿಕ್ಕಿರಬಹುದು. ಈ ಮನುಷ್ಯ ಇಷ್ಟು ದಿನ ಪ್ಲಾಸ್ಟಿಕ್ ಹರಿಯದ ಸ್ಕ್ರೂಡ್ರೈವರ್ ಇಟ್ಟುಕೊಂಡು ಕೂತಿದ್ದರಲ್ಲ ಎಂದು ಹೊಟ್ಟೆ ಉರಿಯಿತು, ಹೆಮ್ಮೆಯೂ ಆಯಿತು.

“ಎಲ್ಲಾ ಮ್ಯಾಚ್ ಆಗ್ತಿದೆ. ಸಪ್ಲೈ ಕೊಡ್ಬೋದು,” ಎಂದರು.

ಬ್ರೇಕರನ್ನು ಅವರ ಕೈಯಿಂದಲೇ ಏರಿಸಿದೆ. ಹಾಲಿಗೆ ಬಂದು ನೋಡಿದರೆ ಪರದೆಯಲ್ಲಿ ಶನಿವಾರದಿಂದ ಇಲ್ಲದಿದ್ದ ಫ್ಯಾನಿನ ಗುರುತು ಬಂದಿತ್ತು. ಒತ್ತಿದರು. ಉರಿ ಇಲ್ಲದೆಯೇ ಫ್ಯಾನು ಓಡಿತು. ಮಗಳ ಕೋಣೆಗೆ ಹೋಗಿ ಜಾಲರಿಯ ಮೇಲೆ ಅಂಗೈ ಹಿಡಿದೆ. ಗಾಳಿ ಬರುತ್ತಿತ್ತು, ಬೆಚ್ಚಗಿನ ಗಾಳಿ, ಅಡುಗೆಮನೆಯಲ್ಲಿ ಹುರಿದಿಟ್ಟಿದ್ದ ಓಮದ ವಾಸನೆ ಸಮೇತ. ಮುಕ್ಕಾಲು ಗಂಟೆಯಲ್ಲಿ ತೊಟ್ಟಿಲ ಪಕ್ಕದ ಯಂತ್ರವೂ ಗೋಡೆಯ ಡಬ್ಬಿಯೂ ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸಿದವು. ಕರೆಂಟ್ ಹೀಟರನ್ನು ಎತ್ತಿಟ್ಟೆವು. ಮಗಳು ಎರಡು ದಿನದಿಂದ ಮಗುವಿಗೆ ಸುತ್ತುತ್ತಿದ್ದ ಮೂರನೆಯ ಹೊದಿಕೆಯನ್ನು ತೆಗೆದು ಮಡಚಿದಳು.

ಅಳಿಯಂದಿರು ಮಂಚದ ತುದಿಯಲ್ಲಿ ಕೂತು ಫೋನು ತೆಗೆದು ಏನೋ ಒತ್ತುತ್ತಿದ್ದರು. ಮಗಳು ಬಗ್ಗಿ ನೋಡಿ, “ಯಾಕೆ ಕ್ಯಾನ್ಸಲ್ ಮಾಡ್ತಿದೀರಾ? ಗುರುವಾರ ಬಂದು ನೋಡ್ಲಿ ಅಂದಿದ್ರಲ್ಲ?” ಎಂದಳು.

ತಪ್ಪು ಮಾಡಿದ್ದೇನೆ ಎಂದು ನನ್ನ ಬಾಯಿಂದಲೇ ಕೇಳಿದ ಮೇಲೆ ಟೆಕ್ನಿಷಿಯನ್ ಖಂಡಿತ ಬರುತ್ತಾನೆ ಎಂದೇ ನಾನು ಅಂದುಕೊಂಡಿದ್ದೆ. ಅದಕ್ಕೆ ಸಿದ್ಧಳಾಗಿಯೂ ಇದ್ದೆ.

“ಶನಿವಾರ ಅತ್ತೆ ನೂರಕ್ಕೆ ನೂರು ಸರಿ ಇದೆ ಅಂದ್ರಲ್ಲ, ಅದಕ್ಕೇ ನಂಗೆ ಭಯ ಇತ್ತು,” ಎಂದರು ಅಳಿಯಂದಿರು, ಫೋನಿನಿಂದ ತಲೆಯೆತ್ತದೆ. “ಈಗ ಭಯ ಇಲ್ಲ. ಏನಾದ್ರೂ ತಪ್ಪಿದ್ರೆ ಅತ್ತೆನೇ ಹೇಳ್ತಾರೆ.”

ಮಗಳು ನನ್ನ ಮುಖ ನೋಡಿದಳು. ನಾನು ಏನೋ ಕೆಲಸ ನೆನಪಾದವಳಂತೆ ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟೆ. ಅಳು ಬಂದಿತ್ತು. ರಿಟೈರ್ ಆದ ದಿನ ಹಾರ ಹಾಕಿ ಶಾಲು ಹೊದಿಸಿ ಹೊಗಳಿದಾಗಲೂ ಇಷ್ಟು ಹೆಮ್ಮೆಯಾಗಿರಲಿಲ್ಲ. ಮುಖ ತೊಳೆದುಕೊಂಡು ಹೊರಬರುವಷ್ಟರಲ್ಲಿ ಅವರು ಮಗುವನ್ನು ಎತ್ತಿಕೊಂಡು ಹಾಲಿನಲ್ಲಿ ಓಡಾಡುತ್ತಿದ್ದರು.

“ಅತ್ತೆ, ಬಚ್ಚಲ ಫ್ಯಾನ್ ಕೂಡ ಸದ್ದು ಮಾಡ್ತಿದೆ,” ಎಂದರು. “ನಾಳೆ ಬಿಚ್ಚೋಣ್ವಾ?”